ಎಳೆ ತೆಳು, ತಲೆ ತುಂಬ: ತೆಳು ಎಳೆಯ ದಟ್ಟ ಗುಂಗುರು ಕೂದಲಿನ ಆರೈಕೆ, ಹಂತ ಹಂತವಾಗಿ

‘ನಿಮ್ಮದು ತುಂಬಾ ದಪ್ಪ ಕೂದಲು’ ಎಂದು ಪಾರ್ಲರಿನವರು ಹೇಳಿದ ಕ್ಷಣದಿಂದಲೇ ಎಡವಟ್ಟು ಶುರುವಾಗುತ್ತದೆ. ‘ದಪ್ಪ ಕೂದಲು’ ಎನ್ನುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನಲ್ಲಿ ಗಂಟು ಹಾಕಿಬಿಡುತ್ತೇವೆ. ಒಂದೊಂದು ಎಳೆ ಎಷ್ಟು ದಪ್ಪ ಎಂಬುದು ಒಂದು. ನೆತ್ತಿಯ ಮೇಲೆ ಎಳೆಗಳು ಎಷ್ಟು ಒತ್ತಾಗಿವೆ ಎಂಬುದು ಇನ್ನೊಂದು. ಜಡೆ ಹೆಣೆದರೆ ಮುಷ್ಟಿ ತುಂಬುತ್ತದೆ, ಆದರೆ ಉದುರಿದ ಒಂದು ಎಳೆಯನ್ನು ಅಂಗೈ ಮೇಲಿಟ್ಟರೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಇಂಥ ತಲೆಯವರು ದಪ್ಪ ಎಳೆಯವರಿಗೆ ಹೇಳಿದ ಹರಳೆಣ್ಣೆ, ಶಿಯಾ ಬೆಣ್ಣೆ, ಗಟ್ಟಿ ಕ್ರೀಮುಗಳನ್ನೆಲ್ಲ ಬಳಿದುಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೆತ್ತಿ ಜಿಡ್ಡಾಗಿ ಅಂಟಿಕೊಂಡು, ಕೆಳಗಿನ ಭಾಗ ಹಿಂಜಿದ ಅರಳೆಯಂತೆ ಎದ್ದಿರುತ್ತದೆ. ಆಮೇಲೆ ‘ನನ್ನ ಕೂದಲಿಗೆ ಯಾವುದೂ ಆಗಿಬರುವುದಿಲ್ಲ’ ಎಂಬ ದೂರು.

ಕೆಳಗಿನ ಹಂತಗಳೆಲ್ಲ ನಿಂತಿರುವುದು ಒಂದು ಲೆಕ್ಕದ ಮೇಲೆ: ಎಷ್ಟು ಹಚ್ಚಬೇಕು ಎಂಬುದನ್ನು ಎಳೆ ನೋಡಿ ನಿರ್ಧರಿಸಿ, ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ದಟ್ಟಣೆ ನೋಡಿ ನಿರ್ಧರಿಸಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ರಾಶಿ ಕ್ರೀಮು, ಐದು ನಿಮಿಷದ ಸ್ನಾನ.

## ಹಂತ 1: ನಿಮ್ಮದು ಇದೇ ಬಗೆಯ ಕೂದಲೇ?

ತಲೆಸ್ನಾನ ಮಾಡಿ, ಏನನ್ನೂ ಹಚ್ಚದೆ ಒಣಗಿಸಿದ ದಿನ ಈ ಪರೀಕ್ಷೆ ಮಾಡಿ. ಉದುರಿದ ಒಂದು ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹೊರಳಿಸಿ. ಹೊಲಿಗೆ ದಾರದಂತೆ ಬೆರಳಿಗೆ ಸಿಕ್ಕರೆ ಎಳೆ ದಪ್ಪ. ಕಣ್ಣಿಗೆ ಕಂಡರೂ ಬೆರಳಿಗೆ ತಾಗದಿದ್ದರೆ ತೆಳು. ಕಿವಿಯ ಪಕ್ಕದ ಕೂದಲಿಗೂ ಹಿಂದಲೆಯದಕ್ಕೂ ವ್ಯತ್ಯಾಸ ಇರುತ್ತದೆ, ಹಾಗಾಗಿ ಮೂರು ಕಡೆಯ ಎಳೆ ನೋಡಿ.

ದಟ್ಟಣೆಗೆ, ಬೈತಲೆ ತೆಗೆಯದೆ ಕೂದಲನ್ನು ಬಿಟ್ಟು ಕನ್ನಡಿಯ ಮುಂದೆ ನಿಲ್ಲಿ. ನೆತ್ತಿಯ ಚರ್ಮ ಎಲ್ಲೂ ಇಣುಕದಿದ್ದರೆ ದಟ್ಟ. ಇನ್ನೂ ಅನುಮಾನವಿದ್ದರೆ ಕುದುರೆಬಾಲ ಕಟ್ಟಿ, ಬುಡಕ್ಕೆ ದಾರ ಸುತ್ತಿ ಅಳೆಯಿರಿ. ಸುತ್ತಳತೆ ಸುಮಾರು 10 ಸೆಂ.ಮೀ. ದಾಟಿದರೆ ಈ ಮಾರ್ಗದರ್ಶಿ ನಿಮಗೇ.

ಗುಂಗುರು ಕೂದಲನ್ನು ವಿಂಗಡಿಸುವ 2ಸಿ, 3ಎ ಎಂಬ ಅಂಕಿಅಕ್ಷರಗಳ ಹಿಂದೆ ಬೀಳಬೇಡಿ. ಅವು ಸುರುಳಿಯ ಆಕಾರವನ್ನಷ್ಟೇ ಹೇಳುತ್ತವೆ. ಎಳೆಯ ದಪ್ಪವನ್ನೂ ಹೇಳುವುದಿಲ್ಲ, ದಟ್ಟಣೆಯನ್ನೂ ಹೇಳುವುದಿಲ್ಲ. ಲೋಟದ ನೀರಿನಲ್ಲಿ ಕೂದಲು ತೇಲಿಸಿ ‘ಹೀರುವ ಶಕ್ತಿ’ ಅಳೆಯುವ ಆಟವೂ ಬೇಡ. ನೀರಿನ ಮೇಲ್ಮೈ ಸೆಳೆತ, ಕೂದಲಿನ ಮೇಲಿನ ಎಣ್ಣೆಯ ಪಸೆ, ಇವೇ ಅದರ ಉತ್ತರವನ್ನು ಕೆಡಿಸುತ್ತವೆ.

## ಬಚ್ಚಲಿಗೆ ಹೋಗುವ ಮೊದಲು ಕೈಗೆಟಕುವಂತೆ ಇಟ್ಟುಕೊಳ್ಳಬೇಕಾದವು

ನಾಲ್ಕು ದೊಡ್ಡ ಕ್ಲಿಪ್, ಅಗಲ ಹಲ್ಲಿನ ಬಾಚಣಿಗೆ, ಸಾಸ್ ಬಾಟಲಿಯಂತೆ ಚೂಪು ಮೂತಿಯ ಒಂದು ಬಾಟಲಿ, ಹಳೆಯ ಹತ್ತಿ ಟೀ ಶರ್ಟ್ ಅಥವಾ ಮೆತ್ತಗಾದ ಪಂಚೆ. ಸೌಮ್ಯ ಶಾಂಪೂ ಒಂದು, ತೆಳುವಾದ ಕಂಡೀಷನರ್ ಒಂದು, ಜೆಲ್ ಒಂದು. ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಶಾಂಪೂ ಬೇಕು, ಅದರ ಮಾತು ನಾಲ್ಕನೆಯ ಹಂತದಲ್ಲಿದೆ. ಡಿಫ್ಯೂಸರ್ (ಹೇರ್ ಡ್ರೈಯರಿನ ಮೂತಿಗೆ ಸಿಕ್ಕಿಸಿ ಗಾಳಿಯನ್ನು ಹರಡುವ ಬಟ್ಟಲು) ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಟರ್ಕಿ ಟವೆಲನ್ನು ಮೈ ಒರೆಸಲು ಇಟ್ಟುಕೊಳ್ಳಿ. ಅದರ ಕುಣಿಕೆ ನೂಲುಗಳು ತೆಳು ಎಳೆಗಳನ್ನು ಒಂದೊಂದಾಗಿ ಸುರುಳಿಯಿಂದ ಬಿಡಿಸಿ ಎಬ್ಬಿಸುತ್ತವೆ. ಸಣ್ಣ ಹಲ್ಲಿನ ಬಾಚಣಿಗೆಯನ್ನು ಮನೆಯ ನೇರ ಕೂದಲಿನವರಿಗೆ ದಾನ ಮಾಡಿ.

ಕಂಡೀಷನರ್ ಕೊಳ್ಳುವಾಗ ಬಾಟಲಿಯ ಮುಂಭಾಗ ಓದಬೇಡಿ, ಬೆನ್ನು ಓದಿ. ಮೊದಲ ಐದು ಪದಾರ್ಥಗಳಲ್ಲಿ ಶಿಯಾ ಬಟರ್, ಕೋಕೊ ಬಟರ್, ಹರಳೆಣ್ಣೆ ಕಂಡರೆ ಮತ್ತೆ ಕಪಾಟಿಗೇ ಇಡಿ. ಸೀಟೈಲ್ ಆಲ್ಕೋಹಾಲ್, ಸೀಟಿಯರೈಲ್ ಆಲ್ಕೋಹಾಲ್ ಎಂದಿದ್ದರೆ ಹೆದರಬೇಕಾಗಿಲ್ಲ. ಹೆಸರಿನಲ್ಲಿ ಆಲ್ಕೋಹಾಲ್ ಇದ್ದರೂ ಅವು ಕೂದಲನ್ನು ಒಣಗಿಸುವಂಥವಲ್ಲ, ಮೆದುಗೊಳಿಸುವಂಥವು.

## ಹಂತ 2: ಎಣ್ಣೆ ಹಚ್ಚುವುದು ಸ್ನಾನಕ್ಕೆ ಮೊದಲು, ನಂತರವಲ್ಲ

ತೆಂಗಿನೆಣ್ಣೆಗೆ ಒಂದು ಗುಣವಿದೆ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದಾದ್ದರಿಂದ ಎಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಕೂದಲಿನ ಪ್ರೋಟೀನು ಕಳೆದುಹೋಗುವುದನ್ನು ತಗ್ಗಿಸುತ್ತದೆ. ಹರಳೆಣ್ಣೆ ಮೇಲೆಯೇ ಕುಳಿತು ಭಾರ ಹಾಕುತ್ತದೆ. ಆದ್ದರಿಂದ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ, ಕಿವಿಯಿಂದ ಕೆಳಗಿನ ಕೂದಲಿಗಷ್ಟೇ ತೆಂಗಿನೆಣ್ಣೆ ಹಚ್ಚಿ. ಹೆಗಲು ದಾಟುವ ಕೂದಲಿಗೂ ಎರಡು ಟೀ ಚಮಚ ಸಾಕು. ‘ಇಷ್ಟು ಒತ್ತು ಕೂದಲಿಗೆ ಎರಡು ಚಮಚ ಎಲ್ಲಿಗೆ ಸಾಲುತ್ತದೆ’ ಎಂದು ಮನೆಯಲ್ಲಿ ಯಾರಾದರೂ ಬಟ್ಟಲು ಹಿಡಿದು ಬಂದೇ ಬರುತ್ತಾರೆ. ತಪ್ಪಿಸಿಕೊಳ್ಳಿ. ಅಷ್ಟು ಎಣ್ಣೆ ತೆಗೆಯಲು ಮೂರು ಸಲ ಶಾಂಪೂ ಉಜ್ಜಿದರೆ ಎಣ್ಣೆ ಕಾಪಾಡಿದ್ದನ್ನು ಶಾಂಪೂ ಕಿತ್ತುಕೊಂಡು ಹೋಗುತ್ತದೆ.

ತಲೆಯಲ್ಲಿ ಹೊಟ್ಟು ಇದ್ದರೆ ನೆತ್ತಿಗೆ ಎಣ್ಣೆ ಬೇಡವೇ ಬೇಡ. ಹೊಟ್ಟಿಗೆ ಸಂಬಂಧಪಟ್ಟ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ.

ಎಣ್ಣೆ ಹಚ್ಚುವಾಗಲೇ ಬೆರಳಿನಿಂದ ದೊಡ್ಡ ಸಿಕ್ಕುಗಳನ್ನು ಬಿಡಿಸಿಡಿ. ಬಾಚಣಿಗೆ ಈಗ ಬೇಡ.

## ಹಂತ 3: ನೆನೆಸುವುದು

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ಸೋತದ್ದು ಇಲ್ಲೇ ಎಂಬುದು ಅವರಿಗೆ ಗೊತ್ತೇ ಇರುವುದಿಲ್ಲ.

ನಾಲ್ಕು ಚೊಂಬು ನೀರು ಸುರಿದುಕೊಂಡ ಮೇಲೆ ಹಿಂಗತ್ತಿನ ಹತ್ತಿರ ಕೂದಲೊಳಗೆ ಬೆರಳು ತೂರಿಸಿ ನೋಡಿ. ಮೇಲೆಲ್ಲ ನೀರು ಸೋರುತ್ತಿರುತ್ತದೆ. ಒಳಗೆ, ಮಳೆಯಲ್ಲಿ ನಿಂತ ಕೋಳಿಯ ರೆಕ್ಕೆಯಡಿಯಂತೆ, ಒಣಗಿದ ಬೆಚ್ಚಗಿನ ಕೂದಲು ಸಿಗುತ್ತದೆ. ಒತ್ತಾದ ಕೂದಲು ನೀರನ್ನು ಮೇಲಿಂದ ಮೇಲೆಯೇ ಜಾರಿಸುತ್ತದೆ. ಆ ಒಣ ಜಾಗಕ್ಕೆ ಶಾಂಪೂ ಹೋಗುವುದಿಲ್ಲ, ಕಂಡೀಷನರ್ ಹೋಗುವುದಿಲ್ಲ, ವಾರಗಳ ಜಿಡ್ಡು ಅಲ್ಲೇ ಉಳಿಯುತ್ತದೆ. ನನ್ನ ಹಿಂದಲೆಯ ಕೂದಲು ಮಾತ್ರ ಏಕೆ ಯಾವಾಗಲೂ ಜಡೆಗಟ್ಟುತ್ತದೆ ಎಂದು ವರ್ಷಗಟ್ಟಲೆ ಶಾಂಪೂ ಬದಲಿಸುತ್ತಿದ್ದವಳು ನಾನು. ಬದಲಿಸಬೇಕಾದದ್ದು ಚೊಂಬು ಹಿಡಿಯುವ ರೀತಿಯನ್ನು ಅಷ್ಟೇ ಆಗಿತ್ತು.

ಕೂದಲನ್ನು ನಾಲ್ಕು ಪಾಲು ಮಾಡಿ ಕ್ಲಿಪ್ ಹಾಕಿ. ಒಂದೊಂದೇ ಪಾಲು ಬಿಚ್ಚಿ, ಒಂದು ಕೈಯಲ್ಲಿ ನೀರು, ಇನ್ನೊಂದು ಕೈಯ ಬೆರಳು ನೆತ್ತಿಯ ಮೇಲೆ. ನೀರು ಉಗುರು ಬೆಚ್ಚಗಿರಲಿ. ಒಟ್ಟು ಮೂರು ನಿಮಿಷವಾದರೂ ಕೊಡಿ. ಕೊನೆಗೆ ತಲೆ ಮುಂದಕ್ಕೆ ಬಾಗಿಸಿ, ಹಿಂಗತ್ತಿನಿಂದ ನೆತ್ತಿಯತ್ತ ಇನ್ನೊಮ್ಮೆ ನೀರು ಹಾಯಿಸಿ.

## ಹಂತ 4: ತೊಳೆಯುವುದು, ಮತ್ತು ನಿಮ್ಮೂರಿನ ನೀರು

ಶಾಂಪೂ ಒಂದು ಪಾಲಿಗೆ ನೀರು ಮೂರು ಪಾಲು ಬೆರೆಸಿ ಚೂಪು ಮೂತಿಯ ಬಾಟಲಿಗೆ ಹಾಕಿ, ನೆತ್ತಿಯ ಮೇಲೆ ಗೆರೆ ಎಳೆದಂತೆ ಬಿಡಿ. ಗಟ್ಟಿ ಶಾಂಪೂವನ್ನು ಅಂಗೈಯಲ್ಲಿ ಹಾಕಿ ತಲೆಗೆ ಒತ್ತಿದರೆ ಅದು ಮೇಲ್ಪದರದ ಕೂದಲಿಗೇ ಮುಗಿದುಹೋಗುತ್ತದೆ. ಬೆರೆಸಿದ್ದನ್ನು ಅಂದೇ ಖಾಲಿ ಮಾಡಿ. ನೀರು ಸೇರಿದ ಶಾಂಪೂ ಇಟ್ಟರೆ ಕೆಡುತ್ತದೆ. ಉಜ್ಜುವುದು ನೆತ್ತಿಯನ್ನು, ಬೆರಳ ತುದಿಯಿಂದ, ಉಗುರಿನಿಂದಲ್ಲ. ಕೂದಲಿನ ಉದ್ದಕ್ಕೆ ಇಳಿದು ಹೋಗುವ ನೊರೆಯೇ ಸಾಕು.

ಗುಂಗುರು ಕೂದಲಿನವರು ಶಾಂಪೂ ಬಿಟ್ಟು ಬರೀ ಕಂಡೀಷನರಿನಲ್ಲಿ ತೊಳೆಯಬೇಕು ಎಂಬ ಸಲಹೆ ಕೇಳಿರುತ್ತೀರಿ. ದಪ್ಪ ಎಳೆಯವರಿಗೆ ಅದು ಒಗ್ಗೀತು. ನಮ್ಮಂಥವರಿಗೆ ಎರಡೇ ವಾರದಲ್ಲಿ ಸುರುಳಿ ಜೋತುಬೀಳುತ್ತದೆ, ನೆತ್ತಿ ಕಡಿಯುತ್ತದೆ. ವಾರಕ್ಕೆ ಎರಡು ಸಲ ಸೌಮ್ಯ ಶಾಂಪೂ ಹಾಕುವುದೇ ನನ್ನ ಮತ.

ಈಗ ನೀರಿನ ಮಾತು. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಬ್ಯೂರೋ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿ ಹಾಕಿದೆ, ಬೇರೆ ನೀರು ಸಿಗದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರಿನ ಬೀದಿಯಿಂದ ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಿದವರು ತಿಂಗಳೊಳಗೆ ‘ಕೂದಲು ಒರಟಾಯಿತು’ ಎನ್ನುವುದಕ್ಕೆ ಕಾರಣ ಈ ಗಡಸುತನವೇ. ಗೀಸರಿನ ಕಾಯಿಲ್ ಮೇಲೆ, ನಲ್ಲಿಯ ಮೂತಿಗೆ ಬಿಳಿ ಪಕ್ಕು ಕಟ್ಟುತ್ತದಲ್ಲ, ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಎಳೆಯ ಮೇಲೂ ಕೂರುತ್ತವೆ. ಎಳೆಗಳು ಹೆಚ್ಚಿದ್ದಷ್ಟೂ, ತೆಳುವಾಗಿದ್ದಷ್ಟೂ ಪಕ್ಕು ಹಿಡಿಯಲು ಜಾಗ ಹೆಚ್ಚು.

ಪರಿಹಾರ ಎರಡು. ಪದಾರ್ಥಗಳ ಪಟ್ಟಿಯಲ್ಲಿ ಡೈಸೋಡಿಯಂ ಅಥವಾ ಟೆಟ್ರಾಸೋಡಿಯಂ ಇಡಿಟಿಎ ಇರುವ, ಲವಣ ತೆಗೆಯಲೆಂದೇ ಮಾಡಿದ ಶಾಂಪೂವನ್ನು ಮೂರು ನಾಲ್ಕು ವಾರಕ್ಕೊಮ್ಮೆ ಬಳಸಿ. ಎಷ್ಟೋ ಮಾಮೂಲಿ ಶಾಂಪೂಗಳಲ್ಲೂ ಇಡಿಟಿಎ ಚೂರು ಇರುತ್ತದೆ, ಅಷ್ಟು ಸಾಲದು. ಎರಡನೆಯದು, ಕೊನೆಯ ಒಂದೆರಡು ಚೊಂಬಿಗೆ ಮೆದು ನೀರು: ಹಿಡಿದಿಟ್ಟ ಮಳೆನೀರು, ಆರ್‌ಒ ನೀರು, ಏನೂ ಇಲ್ಲದಿದ್ದರೆ ಕುದಿಸಿ ಆರಿಸಿ ತಿಳಿ ಬಸಿದ ನೀರು. ಕುದಿಸಿದರೆ ಗಡಸುತನದಲ್ಲಿ ಒಂದು ಪಾಲು ತಳಕ್ಕಿಳಿಯುತ್ತದೆ. ಶವರ್ ಮೂತಿಗೆ ಸಿಕ್ಕಿಸುವ ಪುಟ್ಟ ಫಿಲ್ಟರಿನಿಂದ ಈ ಕೆಲಸ ಆಗುವುದಿಲ್ಲ. ಬಟ್ಟೆ ಸೋಪು, ಮೈ ಸೋಪು ತಲೆಗೆ ತಾಗಲೇಬಾರದು. ಗಡಸು ನೀರಿನಲ್ಲಿ ಸೋಪು ಬೂದು ಬಣ್ಣದ ಗಸಿಯಾಗಿ ಕೂದಲಿಗೆ ಹತ್ತುತ್ತದೆ.

ಸೀಗೆ, ಅಂಟುವಾಳ ಬಳಸುವವರು ಪುಡಿಯನ್ನು ನೇರವಾಗಿ ತಲೆಗೆ ಹಾಕಬೇಡಿ. ಒತ್ತಾದ ಕೂದಲಿನಿಂದ ಆ ಪುಡಿ ಮೂರು ದಿನವಾದರೂ ಹೊರಬರುವುದಿಲ್ಲ. ನೆನೆಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿದ ರಸವನ್ನಷ್ಟೇ ಬಳಸಿ, ಕಣ್ಣು ಮುಚ್ಚಿಕೊಳ್ಳಿ. ಕಡಲೆಹಿಟ್ಟಿಗೂ ಇದೇ ತಕರಾರು, ಅದನ್ನು ಸೋಸಿ ಬಳಸುವಂತೆಯೂ ಇಲ್ಲ.

## ಹಂತ 5: ಕಂಡೀಷನರ್ ಇರುವಾಗಲೇ ಸಿಕ್ಕು ಬಿಡಿಸುವುದು

ಕಂಡೀಷನರ್ ಕಿವಿಯಿಂದ ಕೆಳಕ್ಕೆ. ಬುಡಕ್ಕೆ ಹಚ್ಚಿದರೆ ಸಂಜೆಯೊಳಗೆ ನೆತ್ತಿ ಚಪ್ಪಟೆ. ಪ್ರತಿ ಪಾಲಿಗೆ ಅಡಿಕೆಯಷ್ಟು ತೆಗೆದುಕೊಳ್ಳಿ. ಸಾಲದು ಎನಿಸಿದರೆ ಇನ್ನಷ್ಟು ಕಂಡೀಷನರ್ ಅಲ್ಲ, ಇನ್ನಷ್ಟು ನೀರು. ಒದ್ದೆ ಕೈಯಿಂದ ಕೂದಲನ್ನು ಅಂಗೈಯಲ್ಲಿ ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಲೋಳೆಸರದಂತೆ ಜಾರತೊಡಗುತ್ತದೆ. ಆಗ ಬಾಚಣಿಗೆ ಎತ್ತಿಕೊಳ್ಳಿ.

ಮೊದಲು ತುದಿಯ ಎರಡು ಅಂಗುಲ, ಆಮೇಲೆ ಅದರ ಮೇಲಿನ ಎರಡು ಅಂಗುಲ, ಹೀಗೆ ಮೇಲಕ್ಕೆ ಹೋಗಿ. ಬುಡದಿಂದ ಶುರು ಮಾಡಿದರೆ ಎಲ್ಲ ಸಿಕ್ಕುಗಳೂ ಜಾರಿ ಒಂದೇ ಗಂಟಾಗುತ್ತವೆ. ಬಾಚಣಿಗೆ ನಿಂತ ಕಡೆ ಎಳೆಯಬೇಡಿ, ಹೊರತೆಗೆದು ಬೆರಳಿಂದ ಬಿಡಿಸಿ. ತೆಳು ಎಳೆ ಒದ್ದೆಯಿದ್ದಾಗ ರಬ್ಬರಿನಂತೆ ಹಿಗ್ಗುತ್ತದೆ. ಅತಿಯಾದರೆ ಕಟಕ್ಕೆಂದು ತುಂಡಾಗುತ್ತದೆ.

ಮಲೆನಾಡು, ಕರಾವಳಿಯ ಕಡೆಯವರಿಗೆ ಮತ್ತಿ ಸೊಪ್ಪು ಅಥವಾ ದಾಸವಾಳದ ಎಲೆಯ ಗೊಂಪು (ಕಿವುಚಿ ತೆಗೆದ ಲೋಳೆ) ಸಿಗುತ್ತದಲ್ಲ, ಅದರ ಜಾರುತನ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎರಡು ಸಲ ಸೋಸಬೇಕು, ಅಷ್ಟೇ. ಇಲ್ಲದಿದ್ದರೆ ಎಲೆಯ ಚೂರು ಹೆಕ್ಕುತ್ತಾ ಭಾನುವಾರ ಕಳೆದುಹೋಗುತ್ತದೆ.

ಚೆನ್ನಾಗಿ ತೊಳೆಯಿರಿ. ಕಂಡೀಷನರ್ ಸ್ವಲ್ಪ ಉಳಿಸಿಕೊಳ್ಳುವುದು ದಪ್ಪ ಎಳೆಯವರ ಪದ್ಧತಿ.

## ಹಂತ 6: ನೀರು ಸೋರುತ್ತಿರುವಾಗಲೇ ಜೆಲ್

ಬಚ್ಚಲಿನಿಂದ ಹೊರಗೆ ಬರುವ ಮೊದಲೇ ಜೆಲ್ ಹಚ್ಚಬೇಕು. ಅರ್ಧ ಒಣಗಿದ ಕೂದಲಿಗೆ ಹಚ್ಚಿದರೆ ಎಳೆಗಳು ಆಗಲೇ ಗುಂಪು ಬಿಟ್ಟು ಚದುರಿರುತ್ತವೆ, ಜೆಲ್ ಆ ಚದುರಿದ ಸ್ಥಿತಿಯನ್ನೇ ಗಟ್ಟಿ ಮಾಡಿ ಕೂರಿಸುತ್ತದೆ.

ಇಡೀ ತಲೆಗೆ ಬೆಟ್ಟದ ನೆಲ್ಲಿಕಾಯಿಯಷ್ಟು ಜೆಲ್. ಅದನ್ನು ನಾಲ್ಕು ಪಾಲಿಗೂ ಹಂಚಿ. ಎರಡೂ ಅಂಗೈಗೆ ಸವರಿಕೊಂಡು, ಕೂದಲ ಗೊಂಚಲನ್ನು ಅಂಗೈಗಳ ನಡುವೆ ಇಟ್ಟು ಕೆಳಗೆ ಜಾರಿಸಿ. ಆಮೇಲೆ ತುದಿಯನ್ನು ಅಂಗೈಯಲ್ಲಿ ಕೂರಿಸಿ ನೆತ್ತಿಯತ್ತ ಒತ್ತಿ, ಬಿಡಿ. ಪಚಪಚ ಸದ್ದು ಬಂದರೆ ನೀರು ಸರಿಯಾಗಿದೆ. ಸದ್ದಿಲ್ಲದಿದ್ದರೆ ಒಂದು ಬೊಗಸೆ ನೀರು ಚಿಮುಕಿಸಿ. ಜೆಲ್ ಕೆಳಗೆ ಕ್ರೀಮು, ಅದರ ಕೆಳಗೆ ಸೀರಮ್ಮು ಎಂದು ಮೂರು ಪದರ ಹಚ್ಚುವುದನ್ನು ಬಿಟ್ಟುಬಿಡಿ.

ಜೆಲ್ಲನ್ನು ಮನೆಯಲ್ಲೇ ಮಾಡಬಹುದು. ಕಾಲು ಲೋಟ ಅಗಸೆ ಬೀಜಕ್ಕೆ ಎರಡು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಏಳೆಂಟು ನಿಮಿಷ ಕುದಿಸಿ. ಸೌಟು ಎತ್ತಿದಾಗ ಮೊಟ್ಟೆಯ ಬಿಳಿಯಂತೆ ನೂಲಿಳಿದರೆ ಒಲೆ ಆರಿಸಿ. ಬಿಸಿಯಿರುವಾಗಲೇ, ಕೈ ಸುಟ್ಟುಕೊಳ್ಳದೆ, ಸೋಸಿ. ಆರಿದರೆ ಬೀಜ ಲೋಳೆಯನ್ನು ಬಿಡುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಹುಳಿ ವಾಸನೆ ಬಂದರೆ ಗಿಡದ ಬುಡಕ್ಕೆ ಸುರಿಯಿರಿ.

ಅಂಗಡಿಯ ಜೆಲ್ ಕೊಂಡರೆ ಪದಾರ್ಥಗಳ ಪಟ್ಟಿಯಲ್ಲಿ ಗ್ಲಿಸರಿನ್ ಎಷ್ಟು ಮೇಲಿದೆ ನೋಡಿ. ಗ್ಲಿಸರಿನ್ ತೇವವನ್ನು ಎಳೆದುಕೊಳ್ಳುವ ಪದಾರ್ಥ. ಬೆಂಗಳೂರಿನಲ್ಲಿ ನನ್ನ ಅಕ್ಕನ ಮಗಳ ತಲೆಯ ಮೇಲೆ ಚೆಂದವಾಗಿ ಕೂತ ಜೆಲ್, ಅವಳು ಜೂನ್ ತಿಂಗಳಲ್ಲಿ ಮಂಗಳೂರಿಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಕೈಕೊಟ್ಟಿತು. ‘ಚಿಕ್ಕಮ್ಮಾ, ಬಸ್ಸಿಳಿಯುವಷ್ಟರಲ್ಲಿ ತಲೆ ಎರಡರಷ್ಟಾಗಿದೆ’ ಎಂದು ಫೋನು. ಪಟ್ಟಿಯಲ್ಲಿ ನೀರಿನ ನಂತರದ ಪದಾರ್ಥವೇ ಗ್ಲಿಸರಿನ್. ಕರಾವಳಿಯ ಮಳೆಗಾಲಕ್ಕೆ ಅದಿಲ್ಲದ ಜೆಲ್ ನೋಡಿಕೊಳ್ಳಿ. ಕಲಬುರಗಿ, ವಿಜಯಪುರದ ಬೇಸಿಗೆಯ ಒಣ ಗಾಳಿಯಲ್ಲೂ ಅದು ಪಟ್ಟಿಯ ಕೊನೆಯಲ್ಲೇ ಇರಲಿ. ಹೊರಗೆ ತೇವವಿಲ್ಲದಾಗ ಅದು ಕೂದಲಿನ ತೇವವನ್ನೇ ಎಳೆದೀತು.

## ಹಂತ 7: ಒಣಗಿಸುವುದು

ಟೀ ಶರ್ಟನ್ನು ಹಾಸಿಗೆಯ ಮೇಲೆ ಹರಡಿ, ತಲೆ ಬಾಗಿಸಿ ಕೂದಲನ್ನು ಅದರ ಮೇಲೆ ಇಳಿಬಿಟ್ಟು, ಶರ್ಟಿನ ತೋಳುಗಳನ್ನು ಕತ್ತಿನ ಹಿಂದೆ ಕಟ್ಟಿ. ಹತ್ತು ನಿಮಿಷ ಸಾಕು. ಉಜ್ಜಬೇಡಿ, ಜಾಡಿಸಬೇಡಿ.

ಇಂಥ ಕೂದಲು ತಾನಾಗಿ ಒಣಗಲು ನಾಲ್ಕೈದು ಗಂಟೆ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ರಾತ್ರಿ ಒಂಬತ್ತಕ್ಕೆ ತಲೆಸ್ನಾನ ಬೇಡ, ಕಚೇರಿಗೆ ಹೊರಡುವ ಅರ್ಧ ಗಂಟೆ ಮುಂಚೆಯೂ ಬೇಡ. ಒದ್ದೆ ಕೂದಲಿಗೆ ಜಡೆ ಹಾಕಿ ಹೂ ಮುಡಿದರೆ ಒಳಪದರ ಸಂಜೆಯವರೆಗೂ ಹಸಿಯಾಗಿಯೇ ಇರುತ್ತದೆ. ಮುಗ್ಗಲು ವಾಸನೆ, ನವೆ, ಹೊಟ್ಟು ಸಾಲಾಗಿ ಬರುತ್ತವೆ. ಸಾಂಬ್ರಾಣಿ ಹೊಗೆ ಪರಿಮಳ ಕೊಡುತ್ತದೆ, ಒಣಗಿಸುವುದಿಲ್ಲ.

ನೆತ್ತಿ ಚಪ್ಪಟೆಯಾಗುವವರು ಬುಡದ ಕೂದಲನ್ನು ಸ್ವಲ್ಪ ಎತ್ತಿ ಐದಾರು ಸಣ್ಣ ಕ್ಲಿಪ್ ಸಿಕ್ಕಿಸಿ. ಡಿಫ್ಯೂಸರ್ ಇದ್ದರೆ ಕಡಿಮೆ ಬಿಸಿ, ಕಡಿಮೆ ಗಾಳಿ. ಮೊದಲ ಹತ್ತು ನಿಮಿಷ ಕೂದಲಿಗೆ ತಾಗಿಸದೆ ಸುತ್ತ ಆಡಿಸಿ. ಹೊರಪದರ ಗಟ್ಟಿಯಾದ ಮೇಲೆ ಬಟ್ಟಲಿನಲ್ಲಿ ಕೂದಲು ಕೂರಿಸಿ ಬುಡದತ್ತ ಒತ್ತಿ. ಪೂರ್ತಿ ಒಣಗುವವರೆಗೆ ಕೈಯಾಡಿಸುವಂತಿಲ್ಲ. ಈ ಇಡೀ ಪಟ್ಟಿಯಲ್ಲಿ ಅತ್ಯಂತ ಕಷ್ಟದ ಕೆಲಸ ಇದೇ.

## ಹಂತ 8: ಗರಿ ಮುರಿಯುವುದು

ಒಣಗಿದ ಕೂದಲು ಅಕ್ಕಿ ಹಪ್ಪಳದಂತೆ ಗರಿಗರಿಯಾಗಿರುತ್ತದೆ. ಹೆದರಿ ತೊಳೆದುಕೊಳ್ಳಬೇಡಿ, ಹಾಗಿರುವುದೇ ಸರಿ. ಒಣಗಿದೆಯೇ ಎಂದು ತಿಳಿಯಲು ಹಿಂದಲೆಯ ಒಳಪದರದೊಳಗೆ ಬೆರಳಿಡಿ. ತಣ್ಣಗಿದ್ದರೆ ಇನ್ನೂ ಹಸಿ, ಕಾಯಿರಿ. ಹಸಿಯಿರುವಾಗ ಗರಿ ಮುರಿದರೆ ಉಳಿದ ದಿನವೆಲ್ಲ ಅರಳೆ. ಪೂರ್ತಿ ಒಣಗಿದ ಮೇಲೆ ಎರಡೇ ಹನಿ ತೆಂಗಿನೆಣ್ಣೆಯನ್ನು (ಎರಡನೆಯ ಹಂತದ ಮಾತಿಗೆ ಇದೊಂದೇ ಅಪವಾದ) ಅಂಗೈಗೆ ಉಜ್ಜಿ, ತುದಿಯಿಂದ ಮೇಲಕ್ಕೆ ಮೆಲ್ಲಗೆ ಹಿಸುಕಿ.

## ಹಂತ 9: ರಾತ್ರಿ ಮತ್ತು ಮರುದಿನ

ಕೂದಲನ್ನೆಲ್ಲ ನೆತ್ತಿಯ ಮೇಲೆ ತಂದು ಬಟ್ಟೆಯ ಸಡಿಲ ಬ್ಯಾಂಡಿನಲ್ಲಿ ಒಂದೇ ಸುತ್ತು ಕಟ್ಟಿ. ದಿಂಬಿಗೆ ನುಣುಪಾದ ಬಟ್ಟೆ ಬೇಕು. ಅಂಚು ಹರಿದು ಮೂಲೆ ಸೇರಿದ ಮೈಸೂರು ರೇಷ್ಮೆ ಸೀರೆ ಮನೆಯಲ್ಲಿದ್ದರೆ ಅದರ ಒಡಲಿನಿಂದ ಎರಡು ದಿಂಬಿನ ಚೀಲ ಹೊಲಿಸಿ. ಜರಿಯ ಅಂಚು, ಸೆರಗು ಸೇರಿಸಬೇಡಿ, ಜರಿ ಎಳೆಗಳನ್ನು ಕೊಯ್ಯುತ್ತದೆ. (ಸೀರೆಯ ಒಡತಿಯನ್ನು ಕೇಳಿಯೇ ಕತ್ತರಿ ಹಾಕಿ. ನಾನು ಕೇಳಿರಲಿಲ್ಲ.)

ಬೆಳಿಗ್ಗೆ ಬಾಚಬೇಡಿ. ಕೈ ಒದ್ದೆ ಮಾಡಿಕೊಂಡು, ಕೆಟ್ಟ ಏಳೆಂಟು ಸುರುಳಿಗಳನ್ನಷ್ಟೇ ಬೆರಳಿಗೆ ಸುತ್ತಿ ಬಿಡಿ. ದಿನವೂ ಹೊಸ ಜೆಲ್ ಸೇರಿಸಿದರೆ ಮೂರನೆಯ ದಿನಕ್ಕೆ ಬಿಳಿ ಪುಡಿ ಉದುರುತ್ತದೆ, ಹೊಟ್ಟು ಎಂದು ಗಾಬರಿಯಾಗುತ್ತೀರಿ.

## ಕತ್ತರಿಯ ವಿಷಯ

ಪಾರ್ಲರಿನಲ್ಲಿ ‘ಒತ್ತಾಗಿದೆ, ತೆಳು ಮಾಡಲೇ?’ ಎಂದು ಹಲ್ಲಿರುವ ಕತ್ತರಿ ಎತ್ತಿಕೊಂಡರೆ ಕುರ್ಚಿಯಿಂದ ಏಳಿ. ಆ ಕತ್ತರಿ ನಡುನಡುವೆ ಎಳೆಗಳನ್ನು ಗಿಡ್ಡ ಮಾಡುತ್ತದೆ. ಗಿಡ್ಡ ಎಳೆಗಳು ತಮ್ಮ ಗೊಂಚಲಿಗೆ ಸೇರದೆ ಮೇಲಕ್ಕೆದ್ದು ನಿಲ್ಲುತ್ತವೆ. ಅದು ಬೆಳೆದು ಸರಿಹೋಗಲು ವರ್ಷ ಬೇಕು, ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಅಷ್ಟೇ. ಭಾರ ತಗ್ಗಿಸಲು ಉದ್ದನೆಯ ಲೇಯರ್ ಕೇಳಿ, ಒಣಗಿದ ಕೂದಲನ್ನು ಸುರುಳಿ ಇದ್ದಂತೆಯೇ ಕತ್ತರಿಸಲು ಹೇಳಿ.

## ಎಚ್ಚರಿಕೆಯ ಚಿಹ್ನೆಗಳು

ಒದ್ದೆಯಾದಾಗ ನೆನೆದ ಶಾವಿಗೆಯಂತೆ ಲೊಳಲೊಳ, ಎಳೆದರೆ ಹಿಗ್ಗಿ ಹಿಂದಕ್ಕೆ ಬಾರದಿರುವುದು. ಕಂಡೀಷನರ್ ಅತಿಯಾಗಿದೆ, ಅಥವಾ ರಾತ್ರಿಯಿಡೀ ಹಚ್ಚಿಟ್ಟುಕೊಳ್ಳುತ್ತಿದ್ದೀರಿ. ಮೂರು ನಿಮಿಷಕ್ಕೆ ಇಳಿಸಿ, ಒಂದು ಸಲ ಪ್ರೋಟೀನ್ ಇರುವ ಕಂಡೀಷನರ್ ಬಳಸಿ.

ಹುಲ್ಲಿನಂತೆ ಒರಟು, ಬಗ್ಗಿಸಿದರೆ ಮುರಿಯುವುದು. ಇದು ಪ್ರೋಟೀನ್ ಹೆಚ್ಚಾದದ್ದು, ಅಥವಾ ಗಡಸು ನೀರಿನ ಪಕ್ಕು. ಮೊದಲು ಇಡಿಟಿಎ ಶಾಂಪೂ ಹಾಕಿ ನೋಡಿ. ಅದಕ್ಕೂ ಸರಿಹೋಗದಿದ್ದರೆ ಕೆರಾಟಿನ್ ಮಾಸ್ಕು, ಮೊಟ್ಟೆ, ಅಕ್ಕಿ ತೊಳೆದ ನೀರು ಎಲ್ಲವನ್ನೂ ಒಂದು ತಿಂಗಳು ನಿಲ್ಲಿಸಿ.

ಸ್ನಾನದ ದಿನ ಮುಷ್ಟಿ ತುಂಬ ಕೂದಲು. ಮೊದಲು ಲೆಕ್ಕ ಹಾಕಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಿನವರದು ನೆಲಕ್ಕೆ ಬೀಳುತ್ತದೆ, ನಮ್ಮದು ಸುರುಳಿಯೊಳಗೇ ಸಿಕ್ಕಿಕೊಂಡಿದ್ದು ಬಾಚಿದ ದಿನ ಒಟ್ಟಿಗೆ ಬರುತ್ತದೆ. ನಾಲ್ಕು ದಿನ ಬಾಚದವರಿಗೆ 200ರಿಂದ 400. ಆದರೆ ಬಂದದ್ದರಲ್ಲಿ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಅದು ಉದುರುವಿಕೆಯಲ್ಲ, ತುಂಡಾಗುವಿಕೆ. ಐದನೆಯ ಹಂತಕ್ಕೆ ಹಿಂದಿರುಗಿ. ಡೆಂಗಿ, ಟೈಫಾಯ್ಡಿನಂಥ ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಒಮ್ಮೆಲೇ ಉದುರತೊಡಗುವುದುಂಟು, ಸಾಮಾನ್ಯವಾಗಿ ತಾನಾಗಿ ತಗ್ಗುತ್ತದೆ. ಆರು ತಿಂಗಳು ದಾಟಿದರೆ ವೈದ್ಯರ ಬಳಿ ಹೋಗಿ.

ಕಿವಿಯ ಮೇಲ್ಭಾಗ, ಹಣೆಯ ಅಂಚು ಹಿಂದೆ ಸರಿಯುವುದು. ಬಿಗಿ ಜಡೆ, ಬಿಗಿ ತುರುಬು ಕಾರಣ. ದಟ್ಟ ಕೂದಲಿನ ಭಾರವನ್ನೆಲ್ಲ ಅಂಚಿನ ತೆಳು ಎಳೆಗಳು ಹೊರುತ್ತಿರುತ್ತವೆ. ಮೊದಮೊದಲು ಬುಡದಲ್ಲಿ ಸಣ್ಣ ಗುಳ್ಳೆ, ಜಡೆ ಬಿಚ್ಚಿದಾಗ ನೋವು. ಆಗಲೇ ಸಡಿಲಿಸಿದರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಕಲೆಗಟ್ಟಿ ಮತ್ತೆ ಬರುವುದಿಲ್ಲ.

ದುಂಡಗಿನ ಬೋಳು ಮಚ್ಚೆ, ಕೀವು, ಉರಿ, ದಿನೇ ದಿನೇ ಅಗಲವಾಗುವ ಬೈತಲೆ. ಇವುಗಳಿಗೆ ಶಾಂಪೂ ಬದಲಿಸುತ್ತಾ ಕೂರಬೇಡಿ, ಆ ವಾರವೇ ಚರ್ಮರೋಗ ತಜ್ಞರನ್ನು ಕಾಣಿ. ಹೋಗುವಾಗ ತಲೆಗೆ ಎಣ್ಣೆ, ಜೆಲ್ ಏನೂ ಹಚ್ಚಿಕೊಳ್ಳದೆ ಹೋಗಿ. ನೆತ್ತಿ ಕಾಣಬೇಕಲ್ಲ.